ದೇವರನ್ನು ಬಯ್ಯುವ ಸಲಿಗೆ

ಸೆಪ್ಟೆಂಬರ್ 19ರ ಬೆಳಿಗ್ಗೆ ಇಟಲಿಯ ನೇಪಲ್ಸ್ ಊರಿನ ಮುಖ್ಯ ಇಗರ್ಜಿಯಲ್ಲಿ ನಿಂತಿದ್ದೆ. ಮುಂದಿನ ಸಾಲಿನಲ್ಲಿ ಕುಳಿತ ಮುದುಕಿಯರು ಜಪದ ನಡುವೆಯೇ ದನಿಯೇರಿಸಿ, 'ಹಳದಿ ಮೋರೆಯವನೇ, ಇನ್ನೆಷ್ಟು ಕಾಯಿಸುತ್ತೀಯೆ!' ಎಂದು ಊರನ್ನು ಕಾಯುವ ಸಂತ ಜೆನ್ನಾರೋನನ್ನು ಬಯ್ಯತೊಡಗಿದರು. ಚಿನ್ನದ ಲೇಪವಿರುವ ಅವನ ಬೆಳ್ಳಿಯ ಮೂರ್ತಿಯ ಮುಖಕ್ಕೆ ಆ ಹೆಸರು. ಯಾರೂ ಅವರನ್ನು ಸುಮ್ಮನಾಗಿಸಲಿಲ್ಲ. ಅವರು ಸಂತನ ನೆಂಟರಂತೆ. ಆ ಜಾಗ ಅವರದೇ.

ನನಗೆ ನೆನಪಾದದ್ದು ಯುಗಾದಿಗೆ ಊರಿಗೆ ಬಂದಾಗ ಹೋಗಿದ್ದ ದೊಡ್ಡ ದೇವಸ್ಥಾನ. ನಾಲ್ಕು ಗಂಟೆ ಸಾಲಿನಲ್ಲಿ ನಿಂತು ಗರ್ಭಗುಡಿಯೆದುರು ತಲುಪಿದರೆ, ಕೈಮುಗಿಯುವಷ್ಟರಲ್ಲಿ ಭುಜಕ್ಕೊಂದು ಕೈ, 'ಮುಂದೆ ಸಾಗಿ'. ಜೊತೆಗಿದ್ದ ಅಮ್ಮನಿಗೆ ಮೂರ್ತಿಯ ಕಿರೀಟವಷ್ಟೇ ಕಂಡಿತು. ಹೆಚ್ಚು ದುಡ್ಡಿನ ಟಿಕೆಟ್ ಕೊಂಡವರು ಪಕ್ಕದ ಬಾಗಿಲಿನಿಂದ ಬಂದು ನಿಧಾನವಾಗಿ ಮಂಗಳಾರತಿ ತೆಗೆದುಕೊಂಡರು. ಆ ನೋವು ಇನ್ನೂ ಆರಿಲ್ಲ.

ಜೆನ್ನಾರೋ ಬೆನೆವೆಂಟೊ ಪಟ್ಟಣದ ಬಿಷಪ್. ಕ್ರೈಸ್ತರನ್ನು ಹಿಂಸಿಸಿದ ರೋಮಿನ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ಸೆರೆಯಲ್ಲಿದ್ದ ಗೆಳೆಯನನ್ನು ನೋಡಲು ಹೋಗಿ ತಾನೂ ಸಿಕ್ಕಿಬಿದ್ದನೆಂದು, 305ರ ಸುಮಾರಿಗೆ ಪೊಟ್ಸುವೊಲಿಯ ಹೊಗೆಯಾಡುವ ಜ್ವಾಲಾಮುಖಿಯ ಬಳಿ ಅವನ ತಲೆ ಕಡಿದರೆಂದು ಪರಂಪರೆ ಹೇಳುತ್ತದೆ. ಹೆಂಗಸೊಬ್ಬಳು ಹಿಡಿದಿಟ್ಟಳೆನ್ನುವ ಅವನ ರಕ್ತ ಗಾಜಿನ ಕುಪ್ಪಿಯಲ್ಲಿದೆ. ಗಟ್ಟಿಯಾದದ್ದು ವರ್ಷಕ್ಕೆ ಮೂರು ಸಲ ಕರಗಬೇಕು, ಮುದುಕಿಯರು ಕಾಯುತ್ತಿದ್ದುದು ಅದಕ್ಕೇ. ಕರಗದಿದ್ದರೆ ಊರಿಗೆ ಕೇಡು ಎಂಬ ಭಯ. 2020ರ ಡಿಸೆಂಬರಿನಲ್ಲಿ ಕರಗಲಿಲ್ಲ. ಅಲುಗಿಸಿದರೆ ನೀರಾಗುವ ಇಂಥದೇ ಲೋಳೆಯನ್ನು ಇಟಲಿಯ ರಸಾಯನ ವಿಜ್ಞಾನಿಗಳು 1991ರಲ್ಲಿ ಮಾಡಿ ತೋರಿಸಿದ್ದಾರೆ. ಇರಲಿ, ನನ್ನ ಮನಸ್ಸು ಕುಪ್ಪಿಯ ಮೇಲಲ್ಲ, ಆ ಮುದುಕಿಯರ ಮೇಲೆ.

ಈ ಸಲಿಗೆಗೆ ಹಳೆಯ ಬೇರಿದೆ. 1527ರಲ್ಲಿ ಪ್ಲೇಗು, ಯುದ್ಧಗಳಿಂದ ಕಂಗೆಟ್ಟ ಊರಿನವರು, ನಮ್ಮನ್ನು ಕಾಪಾಡು, ನಿನಗೊಂದು ಗುಡಿ ಕಟ್ಟುತ್ತೇವೆ ಎಂದು, ಸತ್ತು ಸಾವಿರದ ಇನ್ನೂರು ವರ್ಷ ದಾಟಿದ್ದ ಸಂತನೊಂದಿಗೆ ನೋಟರಿಯೆದುರು ಕರಾರುಪತ್ರ ಬರೆದುಕೊಂಡರು. ಹಾಗೆ ಎದ್ದ ಗುಡಿ ಇಗರ್ಜಿಯೊಳಗೇ ಇದ್ದರೂ ಇಂದಿಗೂ ಅದು ನಗರದ್ದು. ಕರಾರು ಮಾಡಿಕೊಂಡವರು ಬಾಕಿ ಕೇಳುತ್ತಾರೆ, ತಡವಾದರೆ ಜಗಳವಾಡುತ್ತಾರೆ.

ಇದು ನಮ್ಮಲ್ಲಿರಲಿಲ್ಲವೇ? ಪುರಂದರದಾಸರು ವಿಠಲನನ್ನು ಬಯ್ದು ಹಾಡಲಿಲ್ಲವೇ? ಮಳೆ ಬಾರದ ವರ್ಷ ನನ್ನಜ್ಜಿ ದೇವರ ಮನೆಯ ಬಾಗಿಲಲ್ಲಿ ಕುಳಿತು, 'ಕಣ್ಣಿಲ್ಲವೇನಪ್ಪಾ ನಿನಗೆ' ಎಂದು ಕೇಳುತ್ತಿದ್ದಳು. ಅಂಥ ಅಜ್ಜಿಯರನ್ನು ನಾವು ಕಂಬಿಗಳ ನಡುವೆ ನಿಲ್ಲಿಸಿದ್ದೇವೆ. ಜಗಳವಾಡಲು ಎರಡು ನಿಮಿಷವಾದರೂ ಬೇಡವೇ?

ಕೊನೆಗೆ, ರಕ್ತ ಕರಗಿತೆಂದು ಬಿಳಿ ಕರವಸ್ತ್ರ ಬೀಸಿದರು. ಜನ ಚಪ್ಪಾಳೆ ತಟ್ಟಿದರು, ಮುದುಕಿಯರು ಅತ್ತರು, ನಾನೂ ಅತ್ತೆ.

ಇಲ್ಲಿಯೂ ಮೇಯರ್ ಮೊದಲಾದ ಗಣ್ಯರಿಗೆ ಮುಂದೆಯೇ ಕುರ್ಚಿ ಎಂಬುದನ್ನು ಹೇಳದೆ ಬಿಡಲಾರೆ. ವರ್ಷದ ಬಹುಪಾಲು ದಿನ ಆ ಕುಪ್ಪಿ ಬೀಗದೊಳಗೇ ಇರುತ್ತದೆ. ನಮ್ಮೂರಿನ ಸಣ್ಣ ಈಶ್ವರನ ಗುಡಿಯಲ್ಲಾದರೆ ದಿನವೂ ಸಂಜೆ ದೀಪ ಹಚ್ಚುತ್ತಾರೆ, ಒಬ್ಬರೇ ಬಂದರೂ ಹಣ್ಣುಕಾಯಿ ಮಾಡಿಕೊಡುತ್ತಾರೆ. ಹೋದ ಸಲ ಅಲ್ಲಿಗೆ ಹೋದಾಗ ಅರ್ಚಕರು ನನ್ನ ಗೋತ್ರ, ನಕ್ಷತ್ರ ಕೇಳಲಿಲ್ಲ, ಅವರಿಗೆ ಬಾಯಿಪಾಠವಿತ್ತು. ಅಮ್ಮ ಅಲ್ಲಿ ಅರ್ಧ ಗಂಟೆ ಕುಳಿತಿದ್ದಳು.