ಅಕ್ಷರಫಲಕದ ಮೇಲೆ ಮೂಡುವ ಮಾತು ಯಾರದು? ಒಂದು ಪರ-ವಿರೋಧ

ಮಾತು ಬಾರದ ವ್ಯಕ್ತಿಯ ಎದುರು ಸಹಾಯಕರೊಬ್ಬರು ಅಕ್ಷರಗಳ ಫಲಕವನ್ನು ಎತ್ತಿ ಹಿಡಿದು ಕೂರುತ್ತಾರೆ. ಆ ವ್ಯಕ್ತಿ ಬೆರಳಿನಿಂದಲೋ ಪೆನ್ಸಿಲಿನ ತುದಿಯಿಂದಲೋ ಒಂದೊಂದೇ ಅಕ್ಷರವನ್ನು ಮುಟ್ಟುತ್ತಾ ಹೋದಂತೆ ಸಹಾಯಕರು ಅದನ್ನು ಗಟ್ಟಿಯಾಗಿ ಉಚ್ಚರಿಸಿ, ಪದ ಕೂಡಿಸಿ, ವಾಕ್ಯವನ್ನು ಬರೆದುಕೊಳ್ಳುತ್ತಾರೆ. ಹೀಗೆ ಮೂಡಿದ ವಾಕ್ಯವನ್ನು ಆ ವ್ಯಕ್ತಿಯದೇ ಮಾತೆಂದು ಮನೆಯವರು, ಶಾಲೆಗಳು, ನ್ಯಾಯಾಲಯಗಳು ಒಪ್ಪಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಮಾತು ಬಾರದಿರುವುದು ಬೇರೆ, ಹೇಳುವುದಕ್ಕೆ ಏನೂ ಇಲ್ಲದಿರುವುದು ಬೇರೆ. ಇವೆರಡನ್ನೂ ಒಂದೇ ಎಂದು ಬಗೆದದ್ದರಿಂದ ಆಗಿರುವ ಅನ್ಯಾಯ ಸಣ್ಣದಲ್ಲ. ಫ್ರಾನ್ಸಿನ ಪತ್ರಕರ್ತ ಜಾನ್-ಡೊಮಿನಿಕ್ ಬೋಬಿ 1995ರಲ್ಲಿ ಮಿದುಳಿನ ಆಘಾತಕ್ಕೆ ತುತ್ತಾಗಿ ಇಡೀ ದೇಹದ ಸ್ವಾಧೀನವನ್ನು ಕಳೆದುಕೊಂಡರು; ಅವರ ಮಾತಿಗೆ ಉಳಿದದ್ದು ಎಡಗಣ್ಣಿನ ರೆಪ್ಪೆ ಮಾತ್ರ. ಎದುರಿಗಿದ್ದವರು ಫ್ರೆಂಚ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು, ಬೇಕಾದ ಅಕ್ಷರ ಬಂದಾಗ ಬೋಬಿ ರೆಪ್ಪೆ ಮಿಟುಕಿಸಿದರು, ಹಾಗೆಯೇ ಒಂದು ಇಡೀ ಪುಸ್ತಕ ಸಿದ್ಧವಾಯಿತು. ಅವರ ಬುದ್ಧಿಯನ್ನು ಯಾರೂ ಅನುಮಾನಿಸಲಿಲ್ಲ, ಏಕೆಂದರೆ ಆಘಾತಕ್ಕೆ ಮುಂಚೆ ಅವರು ಮಾತನಾಡಿದ್ದನ್ನು ಜಗತ್ತು ಕೇಳಿತ್ತು. ಹುಟ್ಟಿನಿಂದಲೇ ಮಾತು ಬಾರದವರಿಗೆ ಅಂತಹ ಸಾಕ್ಷಿ ಎಲ್ಲಿಂದ ಬರಬೇಕು?

ಆಟಿಸಂ ಇರುವವರಲ್ಲಿ ಸರಿಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಿಗೆ ನಿತ್ಯದ ಬಳಕೆಗೆ ಸಾಲುವಷ್ಟು ಮಾತು ಬರುವುದಿಲ್ಲ. ಇವರಲ್ಲಿ ಅನೇಕರಿಗೆ ನಾಲಿಗೆ, ತುಟಿಗಳಷ್ಟೇ ಅಲ್ಲ, ಕೈ ಕೂಡ ಹೇಳಿದ ಮಾತು ಕೇಳುವುದಿಲ್ಲ: ಬೆರಳು ಬೇಕಾದಲ್ಲಿಗೆ ಹೋಗುವ ಬದಲು ಅಭ್ಯಾಸವಾದಲ್ಲಿಗೆ ಹೋಗುತ್ತದೆ. ಚಿತ್ರವನ್ನು ಬೆರಳಿಟ್ಟು ತೋರಿಸು ಎಂದು ಕೇಳುವ ಬುದ್ಧಿಪರೀಕ್ಷೆಯಲ್ಲಿ ಇಂಥವರು ಸೋತರೆ, ಸೋತದ್ದು ಬುದ್ಧಿಯೋ ಬೆರಳೋ ಎಂದು ಪರೀಕ್ಷಕರಿಗೂ ತಿಳಿಯುವುದಿಲ್ಲ. ಫಲಕದ ಅಕ್ಷರಗಳು ದೊಡ್ಡವಾಗಿರುವುದು, ಮೊದಲು ಅಕ್ಷರಮಾಲೆಯನ್ನು ಮೂರು ಫಲಕಗಳಿಗೆ ಹಂಚಿ ಆಮೇಲೆ ಒಂದಕ್ಕೆ ತರುವುದು, ಕೊನೆಗೆ ಕೀಲಿಮಣೆಗೆ ದಾಟಿಸುವುದು, ಇವೆಲ್ಲವೂ ಇಡೀ ತೋಳಿನ ಚಲನೆಯಿಂದ ಆರಂಭಿಸಿ ಬೆರಳನ್ನು ಪಳಗಿಸುವ ಕ್ರಮ. ಭಾರತದಲ್ಲಿ ತಮ್ಮ ಮಗನಿಗೆ ತಾವೇ ಕಲಿಸುತ್ತಾ ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್ ಎಂಬ ವಿಧಾನವನ್ನು ರೂಪಿಸಿದ ಸೋಮಾ ಮುಖೋಪಾಧ್ಯಾಯ ಅವರ ಮಗ ಟಿಟೊ, ಫಲಕದಲ್ಲೇ ನಿಲ್ಲದೆ ಪೆನ್ಸಿಲ್ ಹಿಡಿದು ಬರೆಯುವುದನ್ನೂ ಕಲಿತು, ತಮ್ಮ ಹೆಸರಿನಲ್ಲಿ ಪುಸ್ತಕಗಳನ್ನು ಪ್ರಕಟಿಸಿದ್ದಾರೆ.

ಸಂಶೋಧನೆ ಪೂರ್ತಿ ಒಂದೇ ಕಡೆಗಿದೆ ಎನ್ನುವಂತೆಯೂ ಇಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ವಿಕ್ರಮ್ ಜಸ್ವಾಲ್ ಮತ್ತು ಸಂಗಡಿಗರು 2020ರಲ್ಲಿ, ಫಲಕ ಬಳಸುವ ಒಂಬತ್ತು ಮಂದಿಯ ಕಣ್ಣಿನ ಚಲನೆಯನ್ನು ಅಳೆದು, ಬೆರಳು ಅಕ್ಷರವನ್ನು ಮುಟ್ಟುವುದಕ್ಕೆ ಸರಾಸರಿ ಅರ್ಧ ಸೆಕೆಂಡ್ ಮೊದಲೇ ಕಣ್ಣು ಅಲ್ಲಿಗೆ ತಲುಪಿರುತ್ತದೆ ಎಂದು ತೋರಿಸಿದರು. 2024ರಲ್ಲಿ ಅವರ ತಂಡ ಫಲಕವನ್ನು ಹಿಡಿಯುವ ಕೈಯನ್ನೇ ತೆಗೆದುಹಾಕಿತು. ಮಾತನಾಡದ 31 ಮಂದಿ ಐಪ್ಯಾಡ್ ಪರದೆಯಲ್ಲಿ ಮಿನುಗುವ ಅಕ್ಷರಗಳನ್ನು ತಾವೇ ಮುಟ್ಟುತ್ತಾ ಹೋದಾಗ, ಅಕ್ಷರಗಳು ವಾಕ್ಯದ ಕ್ರಮದಲ್ಲಿ ಬಂದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬೆರಳು ಚುರುಕಾಗುತ್ತಿತ್ತು. ಕಾಗುಣಿತ ಗೊತ್ತಿಲ್ಲದವರಿಗೆ ಮುಂದಿನ ಅಕ್ಷರವನ್ನು ಊಹಿಸಲು ಸಾಧ್ಯವೇ?

ಸಹಾಯಕರು ಕೈಯನ್ನೇ ಹಿಡಿದು ಟೈಪ್ ಮಾಡಿಸುತ್ತಿದ್ದ ಹಳೆಯ ವಿಧಾನವನ್ನು ನಾನು ಸಮರ್ಥಿಸುತ್ತಿಲ್ಲ. ಫಲಕದಲ್ಲಿ ಮೂಡಿದ್ದೆಲ್ಲವನ್ನೂ ಪರೀಕ್ಷಿಸದೆ ನಂಬಿ ಎನ್ನುತ್ತಲೂ ಇಲ್ಲ. ಪರೀಕ್ಷೆಯ ಮಾತೆತ್ತಿದರೆ ಸಿಡಿಮಿಡಿಗೊಳ್ಳುವ ನಮ್ಮ ಕಡೆಯವರು ನಮಗೇ ಹೊರೆಯಾಗಿದ್ದಾರೆ. ಆದರೆ ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಲೇಬೇಕಾಗಿ ಬಂದಾಗ, ಬುದ್ಧಿಯಿಲ್ಲದವರಿಗೆ ಪಾಠ ಹೇಳಿದ ತಪ್ಪಿಗಿಂತ ಬುದ್ಧಿಯಿರುವವರನ್ನು ಹದಿನೈದು ವರ್ಷ ಬಣ್ಣದ ಮಣಿ ವಿಂಗಡಿಸಲು ಕೂರಿಸಿದ ತಪ್ಪು ದೊಡ್ಡದು. ಸಹಾಯಕರ ಕೈ ಹಂತಹಂತವಾಗಿ ಹಿಂದೆ ಸರಿಯಲೇಬೇಕೆಂಬ ಕರಾರಿನೊಡನೆ ಫಲಕಕ್ಕೆ ಶಾಲೆಯಲ್ಲಿ ಜಾಗ ಕೊಡಬೇಕು.

ವಿರೋಧ

ಬೋಬಿಯವರ ರೆಪ್ಪೆಯನ್ನು ಯಾರೂ ಹಿಡಿದಿರಲಿಲ್ಲ. ಅವರು ಮಿಟುಕಿಸಿದರೋ ಇಲ್ಲವೋ ಎಂಬುದನ್ನು ಕೋಣೆಯಲ್ಲಿದ್ದ ಯಾರು ಬೇಕಾದರೂ ನೋಡಬಹುದಿತ್ತು, ಸಹಾಯಕರು ಬದಲಾದರೂ ರೆಪ್ಪೆ ಬದಲಾಗುತ್ತಿರಲಿಲ್ಲ. ಆ ಉದಾಹರಣೆಯನ್ನು ಸಹಾಯಕರ ಕೈಯಲ್ಲಿ ಅಲುಗಾಡುತ್ತಿರುವ ಫಲಕಕ್ಕೆ ಅನ್ವಯಿಸುವುದು ಸಲ್ಲದು.

1970ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮೇರಿ ಕ್ರಾಸ್ಲಿ ಆರಂಭಿಸಿದ, ಸಹಾಯಕರು ಕೈ ಹಿಡಿದು ಟೈಪ್ ಮಾಡಿಸುವ ಆ ಹಳೆಯ ವಿಧಾನ, ಅಂದರೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್, ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ ಅವರ 1990ರ ಲೇಖನದ ನಂತರ ಅಮೆರಿಕದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಅದನ್ನು ಪರೀಕ್ಷಿಸಿದ ರೀತಿ ಎಷ್ಟು ಸರಳವೆಂದರೆ ಯಾರಾದರೂ ಮನೆಯಲ್ಲೇ ಮಾಡಿ ನೋಡಬಹುದು. ಮೇಜಿನ ನಡುವೆ ಒಂದು ಅಡ್ಡತೆರೆ. ವ್ಯಕ್ತಿಗೆ ಕಾಣುವುದು ಒಂದು ಚಿತ್ರ, ಸಹಾಯಕರಿಗೆ ಕಾಣುವುದು ಇನ್ನೊಂದು, ಇವರದು ಅವರಿಗೆ ಕಾಣದು. ವ್ಯಕ್ತಿ ಬೀಗದ ಕೈಯನ್ನು ನೋಡುತ್ತಿದ್ದಾರೆ, ಸಹಾಯಕರು ಲೋಟವನ್ನು ನೋಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಏನು ಕಂಡಿರಿ ಎಂದು ಕೇಳಿದರೆ ಮೂಡುವ ಪದ ಯಾವುದು? 1993ರಲ್ಲಿ ಪ್ರಕಟವಾದ ನ್ಯೂಯಾರ್ಕ್ ರಾಜ್ಯದ ಒ. ಡಿ. ಹೆಕ್ ಕೇಂದ್ರದ ಅಧ್ಯಯನದಲ್ಲಿ ಹನ್ನೆರಡು ಮಂದಿಯ ಪೈಕಿ ಒಬ್ಬರಿಂದಲೂ, ಸಹಾಯಕರಿಗೆ ಕಾಣದ ಚಿತ್ರದ ಹೆಸರು ಒಮ್ಮೆಯೂ ಬರಲಿಲ್ಲ. ಸಹಾಯಕರು ಕಂಡದ್ದರ ಹೆಸರು ಮಾತ್ರ ಮತ್ತೆಮತ್ತೆ ಬಂತು. ಅಧ್ಯಯನಕ್ಕೆ ಕೈ ಹಾಕಿದವರು ಈ ವಿಧಾನವನ್ನು ಬಳಸುತ್ತಿದ್ದ ಕೇಂದ್ರದವರೇ ಎಂಬುದನ್ನು ಇಲ್ಲಿ ಮರೆಯಬಾರದು.

ಆ ಸಹಾಯಕರು ಮೋಸಗಾರರಾಗಿರಲಿಲ್ಲ. ನನಗೆ ಈ ವಿಷಯದಲ್ಲಿ ಹೆಚ್ಚು ಭಯ ಹುಟ್ಟಿಸುವುದು ಅದೇ. 1853ರಲ್ಲಿ ಮೈಕೇಲ್ ಫ್ಯಾರಡೆ, ಪ್ರೇತಗಳು ಮೇಜು ತಿರುಗಿಸುತ್ತವೆ ಎಂದು ನಂಬಿ ಸುತ್ತ ಕೂತವರ ಅಂಗೈಗಳ ಕೆಳಗೆ ತಮ್ಮ ಉಪಕರಣವನ್ನಿಟ್ಟು, ತಳ್ಳುತ್ತಿದ್ದದ್ದು ಅವರ ಕೈಗಳೇ ಎಂದು ತೋರಿಸಿಕೊಟ್ಟರು; ತಳ್ಳುತ್ತಿದ್ದೇವೆಂಬ ಅರಿವು ಆ ಪ್ರಾಮಾಣಿಕರಿಗೆ ಇರಲಿಲ್ಲ. ಕೈ ಹಿಡಿಯದಿದ್ದರೆ ಸಾಕು ಎನ್ನುವವರಿಗೆ ಬರ್ಲಿನ್‌ನ ಕುದುರೆ ಹಾನ್ಸ್ ಇದ್ದಾನೆ. ಲೆಕ್ಕದ ಉತ್ತರವನ್ನು ಗೊರಸು ಬಡಿದು ಹೇಳುತ್ತಿದ್ದ ಆ ಕುದುರೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪತ್ತೆ ಹಚ್ಚಿದ್ದೇನೆಂದರೆ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸನಿಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ಅದನ್ನು ಗಮನಿಸಿ ನಿಲ್ಲಿಸುತ್ತಿತ್ತು. ಮನುಷ್ಯರನ್ನು ಕುದುರೆಗೆ ಹೋಲಿಸುವುದು ಇಲ್ಲಿ ಉದ್ದೇಶವಲ್ಲ. ಸುಳಿವು ಕೊಡುವವರಿಗೇ ಅದು ಗೊತ್ತಿರುವುದಿಲ್ಲ ಎಂಬುದಷ್ಟೇ ಮುಖ್ಯ. ಗಾಳಿಯಲ್ಲಿ ಹಿಡಿದ ಫಲಕ ತುಸು ಬಾಗಬಹುದು, ತುಸು ಮುಂದೆ ಬರಬಹುದು. "ಹೂಂ, ಮುಂದೆ" ಎಂಬ ಉತ್ತೇಜನದ ದನಿ ಒಂದು ಅಕ್ಷರದ ಬಳಿ ಮಾತ್ರ ಏರಬಹುದು. ತಪ್ಪು ಅಕ್ಷರ ಮುಟ್ಟಿದಾಗ ಫಲಕವನ್ನು ಕೆಳಗಿಳಿಸಿ ಮತ್ತೆ ಎತ್ತಬಹುದು.

2020ರ ಅಧ್ಯಯನದಲ್ಲಿಯೂ ಫಲಕ ಸಹಾಯಕರ ಕೈಯಲ್ಲೇ ಇತ್ತು. ಕಣ್ಣು ಬೆರಳಿಗಿಂತ ಮುಂದೆ ಹೋಯಿತೆಂಬುದು ಕಣ್ಣಿಗೆ ಸುಳಿವು ಸಿಗಲಿಲ್ಲವೆಂಬುದಕ್ಕೆ ಪುರಾವೆಯಲ್ಲ. 2024ರದು ಅದಕ್ಕಿಂತ ಉತ್ತಮ ಅಧ್ಯಯನವೆಂದು ಒಪ್ಪುತ್ತೇನೆ. ಆದರೆ ಅಕ್ಷರಗಳ ಕ್ರಮ ಪರಿಚಿತವಾಗಿರುವುದು ಒಂದು, ಸ್ವಂತ ವಾಕ್ಯ ಕಟ್ಟುವುದು ಇನ್ನೊಂದು, ಮತ್ತು ಅಲ್ಲಿದ್ದವರೆಲ್ಲ ಫಲಕದ ಅಭ್ಯಾಸವಿದ್ದವರೇ. ಇಷ್ಟು ಶ್ರಮಪಟ್ಟು ಐಪ್ಯಾಡ್ ಆಟ ಕಟ್ಟುವ ಬದಲು ಎರಡು ಚಿತ್ರಗಳ ಪರೀಕ್ಷೆಯನ್ನೇ ಏಕೆ ಮಾಡಬಾರದು? ಪರೀಕ್ಷಿಸುವುದು ಅವಮಾನ, ಆತಂಕದಲ್ಲಿ ವ್ಯಕ್ತಿ ತೊದಲುತ್ತಾರೆ ಎಂಬುದು ಫಲಕದವರ ಉತ್ತರ. ಅದೇ ವ್ಯಕ್ತಿ ಸಭೆಯೆದುರು ಭಾಷಣವನ್ನೇ ಫಲಕದಲ್ಲಿ ಹೇಳುವಾಗ ಕಾಡದ ಆತಂಕ, ಲೋಟ ಎಂಬ ಒಂದು ಪದಕ್ಕೆ ಕಾಡುವುದೇಕೋ ತಿಳಿಯದು. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ, ಕೈ ಹಿಡಿಯುವ ಹಳೆಯ ವಿಧಾನವನ್ನೂ ರ‍್ಯಾಪಿಡ್ ಪ್ರಾಂಪ್ಟಿಂಗ್ ವಿಧಾನವನ್ನೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ.

ತಪ್ಪಾದರೆ ನಷ್ಟವೇನು ಎಂದು ಕೇಳುವವರು 1990ರ ದಶಕದ ಮೊದಲ ವರ್ಷಗಳನ್ನು ನೆನೆಯಬೇಕು. ಸಹಾಯಕರ ಕೈಯ ಮೂಲಕ ಮೂಡಿದ ದೌರ್ಜನ್ಯದ ಆರೋಪಗಳಿಂದ ತಂದೆ-ತಾಯಿಯರು ಪೊಲೀಸರ ಎದುರು ನಿಂತರು, ಮಕ್ಕಳನ್ನು ಮನೆಯಿಂದ ಹೊರಗೆ ಒಯ್ಯಲಾಯಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನ್ಯೂಜೆರ್ಸಿಯಲ್ಲಿ ಪ್ರಾಧ್ಯಾಪಕಿಯೊಬ್ಬರು, ಮಾತು ಬಾರದ ವ್ಯಕ್ತಿಯ ಒಪ್ಪಿಗೆ ಕೀಲಿಮಣೆಯ ಮೇಲೆ ಮೂಡಿತ್ತೆಂದು ನಂಬಿ ಲೈಂಗಿಕ ಸಂಬಂಧ ಬೆಳೆಸಿ, 2015ರಲ್ಲಿ ಅಪರಾಧಿಯೆನಿಸಿಕೊಂಡರು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾದರೂ 2018ರಲ್ಲಿ ಅದಕ್ಕಿಂತ ಕಡಿಮೆ ಆರೋಪವೊಂದರಲ್ಲಿ ತಪ್ಪೊಪ್ಪಿಕೊಂಡರು.

ಇಷ್ಟು ದೊಡ್ಡ ಪ್ರಕರಣಗಳಿಗೆ ಹೋಗದಿದ್ದರೂ ದಿನನಿತ್ಯದ ನಷ್ಟ ಕಣ್ಣೆದುರಿಗೇ ಇದೆ. ಬಾಗಿಲ ಬಳಿಗೆ ಅಮ್ಮನ ಕೈ ಹಿಡಿದೆಳೆಯುವ ಮಗು, ಬೇಡದ ತಟ್ಟೆಯನ್ನು ಪಕ್ಕಕ್ಕೆ ತಳ್ಳುವ ಮಗು, ಸದ್ದು ಹೆಚ್ಚಾದಾಗ ಕಿವಿ ಮುಚ್ಚಿಕೊಳ್ಳುವ ಮಗು ಆಗಲೇ ಮಾತನಾಡುತ್ತಿದೆ. ಚಿತ್ರದ ಚೀಟಿ ಕೊಟ್ಟು ಬೇಕಾದುದನ್ನು ಕೇಳುವ ವಿಧಾನ 1985ರಿಂದಲೂ ಇದೆ, ಮುಟ್ಟಿದರೆ ಪದವನ್ನು ನುಡಿಯುವ ಟ್ಯಾಬ್ಲೆಟ್ ಇದೆ, ಕಣ್ಣಿನ ನೋಟದಿಂದಲೇ ಆರಿಸಬಹುದಾದ ಪರದೆ ಇದೆ. ಸ್ಟ್ಯಾಂಡಿಗೆ ಬಿಗಿದ ಅಕ್ಷರಫಲಕಕ್ಕೂ ನನ್ನ ಆಕ್ಷೇಪಣೆಯಿಲ್ಲ. ಫಲಕ ಹಿಡಿದು ಕೂತ ತರಗತಿಯಲ್ಲಿ ಹುಡುಗನೊಬ್ಬ ಮೂರು ಸಲ ಎದ್ದು ಬಾಗಿಲ ಕಡೆ ಹೊರಟು, ಮೂರು ಸಲವೂ ಕೂರಿಸಲ್ಪಟ್ಟು, ಆಮೇಲೆ ಅವನ ಫಲಕದಲ್ಲಿ "ನನಗೆ ಈ ಪಾಠ ಇಷ್ಟ" ಎಂದು ಮೂಡಿದರೆ, ನಾನು ನಂಬುವುದು ಅವನ ಕಾಲುಗಳನ್ನು.