ಬೆಂಗಳೂರಲ್ಲಿ ಬೇರೆಯವರನ್ನು ಕೇಳುವ ಪ್ರಶ್ನೆ, ಸ್ಟುಟ್‌ಗಾರ್ಟ್‌ನಲ್ಲಿ ನಮಗೂ

ಹೋದ ಶನಿವಾರ ಇಲ್ಲಿನ ಕನ್ನಡದವರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಒಳ್ಳೆಯ ಜನ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಒಂಬತ್ತು ವರ್ಷ ಆಗಿದೆ. ಬಿಸಿಬೇಳೆಬಾತ್ ತಿನ್ನುತ್ತಾ ಬೆಂಗಳೂರಿನ ಅವರ ಫ್ಲಾಟ್ ವಿಷಯ ಬಂತು. ಬಾಡಿಗೆಗೆ ಇರುವವರು ಎಂಟು ವರ್ಷದಿಂದ ಅಲ್ಲೇ ಇದ್ದಾರಂತೆ, ಇವತ್ತಿಗೂ ವಾಚ್‌ಮನ್ ಹತ್ತಿರ ಎರಡು ಮಾತು ಕನ್ನಡ ಆಡೋಕೆ ಬರಲ್ಲವಂತೆ. "ಇಷ್ಟು ವರ್ಷ ಆ ಊರಿನ ಅನ್ನ ತಿಂದು ಭಾಷೆ ಕಲಿಯಬಾರದಾ?" ಅಂದರು. ಎಲ್ಲರೂ ಹೌದು ಹೌದು ಅಂದೆವು. ನಾನೂ ಅಂದೆ. ಅಷ್ಟರಲ್ಲಿ ಬೆಲ್ ಆಯಿತು. ಪಾರ್ಸೆಲ್ ತಂದ ಹುಡುಗ, ಪಕ್ಕದ ಮನೆಯವರು ಇಲ್ಲ, ಅವರ ಡಬ್ಬ ನೀವು ಇಟ್ಟುಕೊಳ್ಳುತ್ತೀರಾ ಅಂತ ಜರ್ಮನ್‌ನಲ್ಲಿ ಕೇಳಿದ. ಇಲ್ಲಿ ದಿನಾ ನಡೆಯುವ ವಿಷಯ ಅದು. ಊಟಕ್ಕೆ ಕರೆದಿದ್ದ ಅವರು ಹಿಂದೆ ತಿರುಗಿ ನನ್ನನ್ನು ಕರೆದರು. "ಅವನೇನು ಕೇಳ್ತಿದ್ದಾನೆ ಸ್ವಲ್ಪ ನೋಡಿ ಮೇಡಂ, ನನಗೆ ಇವರ ಭಾಷೆ ಬರಲ್ಲ."

ಅವತ್ತಿನಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಅವರನ್ನು ಆಡಿಕೊಳ್ಳೋಕೆ ಇದನ್ನು ಬರೆಯುತ್ತಿಲ್ಲ. ಮೂರು ವರ್ಷ ನಾನೂ ಹಾಗೇ ಇದ್ದೆ.

ನಾವು ಬಂದದ್ದು 2019ರ ಅಕ್ಟೋಬರ್‌ನಲ್ಲಿ. ತುಮಕೂರಿನ ಮನೆಯಲ್ಲಿ ಎಲ್ಲರಿಗೂ ಹೇಳಿದ್ದು ಒಂದೇ ಮಾತು, "ಎರಡು ವರ್ಷ ಇದ್ದು ಬಂದುಬಿಡ್ತೀವಿ." ಈ ಮಾತು ನಮ್ಮನ್ನು ಎಷ್ಟು ಹಾಳು ಮಾಡುತ್ತೆ ಅಂತ ಆಗ ಗೊತ್ತಿರಲಿಲ್ಲ. ಇಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಖಾಲಿ ಕೋಣೆ. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ. ಗೋಡೆಯಿಂದ ನೀರಿನ ಪೈಪಿನ ತುದಿ ಹೊರಗೆ ಬಂದಿರುತ್ತೆ, ಅಷ್ಟೇ. ಎಲ್ಲ ನಾವೇ ಹಾಕಿಸಿಕೊಳ್ಳಬೇಕು. ಎರಡು ವರ್ಷಕ್ಕೆ ಯಾರು ಅಷ್ಟು ದುಡ್ಡು ಹಾಕುತ್ತಾರೆ ಅಂತ ನಾವು ಒಂದು ಅಗ್ಗದ ಸಿಂಕ್ ಕೂರಿಸಿ, ಎರಡು ಪ್ಲೇಟಿನ ಕರೆಂಟ್ ಒಲೆ ತಂದು, ಸೂಟ್‌ಕೇಸಿನ ಮೇಲೆ ತರಕಾರಿ ಹೆಚ್ಚಿಕೊಂಡು ಹದಿನಾಲ್ಕು ತಿಂಗಳು ಕಳೆದೆವು. ಮಂಚ ತರಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಎರಡು ವರ್ಷಕ್ಕೆ ಯಾರು ಭಾಷೆ ಕಲಿಯುತ್ತಾರೆ? ಅದನ್ನೂ ಬಿಟ್ಟೆವು.

ಬಂದವರು ಮೊದಲು ಮಾಡಬೇಕಾದ್ದು ವಿಳಾಸದ ನೋಂದಣಿ. ಅನ್‌ಮೆಲ್ಡುಂಗ್ ಅಂತಾರೆ. ಮನೆಗೆ ಬಂದ ಎರಡು ವಾರದೊಳಗೆ, ಮನೆ ಮಾಲೀಕರ ಸಹಿ ಇರುವ ಕಾಗದ ಹಿಡಿದುಕೊಂಡು ಹೋಗಬೇಕು. ಅದು ಆದ ಮೇಲೇ ಟ್ಯಾಕ್ಸ್ ನಂಬರ್ ಪೋಸ್ಟ್‌ನಲ್ಲಿ ಬರೋದು. ಇದನ್ನೆಲ್ಲ ಕಂಪನಿಯವರು ಗೊತ್ತುಮಾಡಿದ ಏಜೆಂಟ್ ಜೊತೆಗೆ ಬಂದು ಮಾಡಿಸಿಕೊಟ್ಟರು. ನಾನು ಪಕ್ಕದಲ್ಲಿ ಕೂತು ತೋರಿಸಿದ ಕಡೆ ಸಹಿ ಹಾಕಿದೆ. ಆಮೇಲೆ ಆ ಏಜೆಂಟ್ ಹೋದರು, ಕಾಗದಗಳು ಬರುತ್ತಲೇ ಇದ್ದವು. ಈ ದೇಶದಲ್ಲಿ ಎಲ್ಲವೂ ಕಾಗದದಲ್ಲೇ ಬರುತ್ತೆ. ಟೀವಿ ರೇಡಿಯೊ ಶುಲ್ಕ ಅಂತ ಒಂದಿದೆ. ಮನೆಯಲ್ಲಿ ಟೀವಿ ಇರಲಿ ಬಿಡಲಿ, ಮನೆಗೆ ಇಷ್ಟು ಅಂತ ಕಟ್ಟಬೇಕು. ಆಗ ತಿಂಗಳಿಗೆ 17.50 ಯೂರೊ ಇತ್ತು, 2021ರ ಆಗಸ್ಟ್‌ನಿಂದ 18.36. ನಮ್ಮನೆಯಲ್ಲಿ ಟೀವಿ ಇಲ್ಲವಲ್ಲ, ಇದ್ಯಾವುದೋ ಜಾಹೀರಾತು ಅಂತ ನಾನು ಆ ಲಕೋಟೆಗಳನ್ನು ಒಂದರ ಮೇಲೊಂದು ಡ್ರಾಯರ್‌ಗೆ ಹಾಕಿದೆ. ಒಂದು ವರ್ಷದ ಬಾಕಿ, ಮೇಲೆ ದಂಡ, ಎಲ್ಲ ಸೇರಿಸಿ ಕಟ್ಟಿದೆವು. ಮೊದಲ ಕಾಗದದಲ್ಲೇ ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಓದೋಕೆ ಬರದೇ ಇದ್ದದ್ದು ನನಗೆ.

ದುಡ್ಡು ಹೋದರೆ ಹೋಗಲಿ. ಮನಸ್ಸಿಗೆ ಇನ್ನೂ ಚುಚ್ಚುವ ಘಟನೆ ಬೇರೆ ಇದೆ.

ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಒಂದು ಹಳೇ ಪದ್ಧತಿ. ಗುಡಿಸುವ ವಾರ ಅಂತ ಅರ್ಥ. ಒಂದು ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲ ಹಿಡಿಗೆ ಒಂದು ಸಣ್ಣ ಹಲಗೆ ನೇತುಹಾಕುತ್ತಾರೆ. ನಮ್ಮ ಮನೆಗೆ ಬಂದದ್ದು ಮರದ ಹಲಗೆ, ಅಂಚು ಸವೆದಿತ್ತು, ತೂತಿಗೆ ಕೆಂಪು ದಾರ ಕಟ್ಟಿತ್ತು. ಯಾರದ್ದೋ ಬಿದ್ದಿದ್ದನ್ನು ಯಾರೋ ಇಲ್ಲಿ ಸಿಕ್ಕಿಸಿದ್ದಾರೆ ಅಂದುಕೊಂಡು ತೆಗೆದು ಕೆಳಗೆ ಅಂಚೆ ಡಬ್ಬದ ಮೇಲೆ ಇಟ್ಟೆ. ಮಾರನೇ ದಿನ ಕೆಳಗಿನ ಮನೆಯ ಅಜ್ಜಿ ಹಲಗೆ ಹಿಡಿದುಕೊಂಡು ಮೇಲೆ ಬಂದರು. ಐದು ನಿಮಿಷ ಏನೇನೋ ಹೇಳಿದರು. ಪೊರಕೆ ಹಿಡಿದ ಹಾಗೆ ಕೈ ಆಡಿಸಿ ತೋರಿಸಿದರು. ಒಂದೂ ತಿಳಿಯಲಿಲ್ಲ. ನಗುತ್ತಾ ತಲೆ ಆಡಿಸಿ "ಯಾ, ಯಾ" ಅಂದೆ. ಅವರೂ ಸಮಾಧಾನದಿಂದ ಹೋದರು. ಆ ವಾರ ಯಾರೂ ಮೆಟ್ಟಿಲು ಗುಡಿಸಲಿಲ್ಲ. ಶನಿವಾರ ಸಂಜೆ ಆಫೀಸಿನ ಯಾವುದೋ ಕೆಲಸ ಮುಗಿಸಿ ಬರುವಾಗ ನೋಡಿದರೆ ಎಪ್ಪತ್ತು ದಾಟಿದ ಆ ಅಜ್ಜಿ ನಮ್ಮ ಮಹಡಿಯ ಮೆಟ್ಟಿಲನ್ನು ಮಂಡಿಯೂರಿ ಒರೆಸುತ್ತಿದ್ದರು. ನನ್ನನ್ನು ನೋಡಿ ಬಕೆಟ್ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಮಾತಾಡಲಿಲ್ಲ.

ಆಮೇಲೆ ಎರಡು ವರ್ಷ ನಾನು ಊರಿಗೆ ಫೋನ್ ಮಾಡಿದಾಗೆಲ್ಲ ಹೇಳಿದ್ದು ಏನು ಗೊತ್ತಾ? "ಈ ಜರ್ಮನ್ ಜನ ಮುಖ ಕೊಟ್ಟು ಮಾತಾಡಲ್ಲಪ್ಪ, ಒಂಥರಾ ಒಣ ಜನ." ಬಾಯಲ್ಲಿ ಹೂಂ ಅಂದು ಕೆಲಸ ಮಾಡದೇ ಹೋದವಳು ನಾನು ಅನ್ನೋದು ಹೊಳೆಯಲೇ ಇಲ್ಲ.

2020ರ ಮಾರ್ಚ್‌ನಿಂದ ಕೊರೋನಾ. ಅದರ ಬಗ್ಗೆ ಹೊಸದಾಗಿ ಹೇಳೋಕೆ ಏನಿಲ್ಲ. ಮನೆಯೇ ಆಫೀಸಾಯಿತು, ಇನ್ನೂ ಒಂಟಿಯಾದೆವು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಊರಲ್ಲಿ ಆಗ ರಾತ್ರಿ ಒಂಬತ್ತು, ಅಮ್ಮ ಮಲಗುವ ಹೊತ್ತು.

2022ರ ಮಾರ್ಚ್‌ನಲ್ಲಿ ಒಂದು ರಾತ್ರಿ ನನ್ನ ಗಂಡನಿಗೆ ಬೆನ್ನಿನ ಪಕ್ಕ ಹಿಡಿದುಕೊಂಡಿತು. ಎರಡು ಗಂಟೆ ಇರಬೇಕು. ನೆಲದ ಮೇಲೆ ಹೊರಳಾಡುತ್ತಿದ್ದರು. 116117 ಅಂತ ಒಂದು ನಂಬರ್ ಇದೆ, ಕ್ಲಿನಿಕ್ ಮುಚ್ಚಿದ ಹೊತ್ತಲ್ಲಿ ಡಾಕ್ಟರ್ ಬೇಕಾದರೆ ಮಾಡೋದು. ಮಾಡಿದೆ. ಆ ಕಡೆ ಜರ್ಮನ್ ಧ್ವನಿ ಏನೋ ಹೇಳುತ್ತಾ ಹೋಯಿತು. ಏನು ಒತ್ತಬೇಕು ಅಂತ ಗೊತ್ತಾಗಲಿಲ್ಲ. ಕೈ ನಡುಗುತ್ತಿತ್ತು. ಬರಿಗಾಲಲ್ಲಿ ಕೆಳಗೆ ಓಡಿ ಅದೇ ಅಜ್ಜಿಯ ಬಾಗಿಲು ಬಡಿದೆ. ಎರಡು ವರ್ಷದಿಂದ ಮಾತಿಲ್ಲದ ಬಾಗಿಲು ಅದು. ತೆಗೆದರು. ನೈಟಿಯ ಮೇಲೆ ಕೋಟು ಹಾಕಿಕೊಂಡು ಮೇಲೆ ಬಂದರು. ಒಂದು ಸಲ ಇವರನ್ನು ನೋಡಿ ನೇರ 112ಕ್ಕೆ ಫೋನ್ ಮಾಡಿದರು. ಆ ಕಡೆಯಿಂದ ಕೇಳಿದ್ದನ್ನು ನನ್ನ ಕಡೆ ತಿರುಗಿ ಕೇಳುತ್ತಿದ್ದರು. ಎಲ್ಲಿ ನೋವು, ಯಾವಾಗಿನಿಂದ, ವಯಸ್ಸೆಷ್ಟು. ಇಷ್ಟೇ ಮೂರು ಪ್ರಶ್ನೆ. ಅವು ಆ ಪ್ರಶ್ನೆಗಳು ಅಂತ ನನಗೆ ಗೊತ್ತಾದದ್ದು ಒಂದು ವರ್ಷ ಆದಮೇಲೆ, ಕ್ಲಾಸಿನಲ್ಲಿ ಡಾಕ್ಟರ್ ಹತ್ತಿರ ಮಾತಾಡುವ ಪಾಠ ಬಂದಾಗ. ಅವತ್ತು ನನ್ನ ಬೆನ್ನನ್ನೇ ಮುಟ್ಟಿ ತೋರಿಸಿದೆ, ಬೆರಳು ಎಣಿಸಿದೆ. ಕಿಡ್ನಿ ಸ್ಟೋನ್ ಅಂತಾಯಿತು, ಎರಡು ದಿನದಲ್ಲಿ ಮನೆಗೆ ಬಂದರು.

ಆ ಸೆಪ್ಟೆಂಬರ್‌ನಲ್ಲಿ ಜರ್ಮನ್ ಕ್ಲಾಸಿಗೆ ಸೇರಿದೆ. ಫೋಕ್ಸ್‌ಹೋಖ್‌ಶೂಲೆ ಅಂತ ಬಹುತೇಕ ಊರುಗಳಲ್ಲೂ ಇರುವ ದೊಡ್ಡವರ ಶಾಲೆ, ಸಂಜೆ ಕ್ಲಾಸಿರುತ್ತೆ, ಖರ್ಚೂ ಕಮ್ಮಿ. ಎಂಟು ಗಂಟೆ ಕೆಲಸ ಮಾಡಿ ವಾರಕ್ಕೆರಡು ಸಂಜೆ ಅಲ್ಲಿ ಕೂರೋದು ಕಷ್ಟ, ಸುಳ್ಳು ಹೇಳಲ್ಲ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕಲಿಂಗ. ಅರ್ಥ ನೋಡಿ ಲಿಂಗ ಹೇಳುವ ಭಾಷೆಯಿಂದ ಹೋದ ನಮಗೆ ಇದು ತಲೆಗೇ ಹೋಗಲ್ಲ, ಬಾಯಿಪಾಠವೇ ಗತಿ. ಆದರೆ ಒಂದು ಗುಟ್ಟು ಹೇಳ್ತೀನಿ. "ಯಾಕೆಂದರೆ" ಅಂತ ಶುರುವಾದರೆ ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ. ಕ್ಲಾಸಲ್ಲಿದ್ದ ಬ್ರೆಜಿಲ್ ಹುಡುಗ ಇದಕ್ಕೆ ತಿಂಗಳುಗಟ್ಟಲೆ ಒದ್ದಾಡಿದ. ನಾವು ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೇ ಇಟ್ಟವರು. ಮಾತಿಗೆ ಮಾತು ಅಂಟಿಸಿ ಮಾರುದ್ದ ಪದ ಮಾಡೋದೂ ಹಾಗೇ, ಸಮಾಸ ಓದಿದವರಿಗೆ ಅದೇನು ಹೊಸದಾ? ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಜೊತೆ ಇಟ್ಟು ನೋಡಿ. ಬೇಗ ಕೂರುತ್ತೆ.

ಕ್ಲಾಸಲ್ಲಿ ಕಲಿತದ್ದು ಬೀದಿಯಲ್ಲಿ ಕೇಳಲ್ಲ ಅನ್ನೋದು ನಿಜ. ಇಲ್ಲಿಯವರದ್ದು ಶ್ವೇಬಿಶ್, ಪ್ರತಿ ಪದಕ್ಕೂ ಕೊನೆಗೆ ಒಂದು "ಲೆ" ಸೇರಿಸಿ ಮುದ್ದು ಮಾಡುವ ಜರ್ಮನ್. ಪಠ್ಯಪುಸ್ತಕದ ಕನ್ನಡ ಕಲಿತವರನ್ನು ಕುಂದಾಪುರದ ಸಂತೆಗೆ ಬಿಟ್ಟ ಹಾಗೆ. ಅದೂ ಕಿವಿಗೆ ಬೀಳುತ್ತಾ ಬೀಳುತ್ತಾ ಬರುತ್ತೆ.

"ಐಟಿಯಲ್ಲಿ ಇಂಗ್ಲಿಷ್ ಸಾಕು" ಅಂತಾರಲ್ಲ, ಅದಕ್ಕೂ ಒಂದು ಮಾತು. ಮೀಟಿಂಗ್ ಇಂಗ್ಲಿಷಲ್ಲಿ ನಡೆಯುತ್ತೆ, ಹೌದು. ಆದರೆ ಹನ್ನೊಂದೂವರೆಗೆ ಒಬ್ಬರಿಗೊಬ್ಬರು "ಮಾಲ್‌ಟ್ಸೈಟ್" ಅಂದುಕೊಂಡು ಊಟಕ್ಕೆ ಏಳುತ್ತಾರೆ, ಆ ಮೇಜಲ್ಲಿ ಜರ್ಮನ್. ಯಾರ ಮಗುವಿಗೆ ಹುಷಾರಿಲ್ಲ, ಯಾರು ರಜ ಹೋಗ್ತಿದ್ದಾರೆ, ಯಾವ ಪ್ರಾಜೆಕ್ಟ್ ನಿಲ್ಲೋ ಹಾಗಿದೆ, ಎಲ್ಲ ಅಲ್ಲೇ. ನಾನು ಮೂರು ವರ್ಷ ನನ್ನ ಜಾಗದಲ್ಲೇ ಕೂತು ಚಪಾತಿ ತಿಂದು, ನನ್ನನ್ನು ಯಾರೂ ಸೇರಿಸಿಕೊಳ್ಳಲ್ಲ ಅಂತ ಕೊರಗಿದೆ. ಇಲ್ಲಿನ ಕೆಲಸದ ರೀತಿ ನನಗೆ ತುಂಬಾ ಇಷ್ಟ, ಅದನ್ನೂ ಹೇಳಿಬಿಡ್ತೀನಿ. ಜ್ವರ ಇದ್ದರೂ ಲ್ಯಾಪ್‌ಟಾಪ್ ತೆಗೆದು ಕೂತಿದ್ದಾಗ ನನ್ನ ಮ್ಯಾನೇಜರ್ ಫೋನ್ ಮಾಡಿ ಮುಚ್ಚಿ ಮಲಗಿ ಅಂದರು. ಹುಷಾರಿಲ್ಲದವರು ಕೆಲಸ ಮಾಡಿದರೆ ಇಲ್ಲಿ ಯಾರೂ ಹೊಗಳಲ್ಲ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಕಾನೂನಲ್ಲೇ ಇದೆ. ಇಂಥ ಹಕ್ಕುಗಳನ್ನೆಲ್ಲ ನಮ್ಮವರು ವರ್ಷಗಟ್ಟಲೆ ತಿಳಿಯದೇ ಇರುತ್ತಾರೆ. ಕಾಂಟ್ರಾಕ್ಟ್ ಇರೋದು ಜರ್ಮನ್‌ನಲ್ಲಿ.

ನನಗೆ ಜಾಸ್ತಿ ಸಂಕಟ ಆಗೋದು ಹೆಂಡತಿಯಾಗಿ ಬರುವ ಹೆಣ್ಣುಮಕ್ಕಳನ್ನು ನೋಡಿದಾಗ. ಬ್ಲೂ ಕಾರ್ಡ್ (ಓದಿ ಕೆಲಸಕ್ಕೆ ಬರುವ ಹೊರದೇಶದವರಿಗೆ ಕೊಡುವ ವಾಸದ ಅನುಮತಿ) ಇರುವವರ ಹೆಂಡತಿ ಅಥವಾ ಗಂಡ ಇಲ್ಲಿಗೆ ಬರೋಕೆ ಮುಂಚೆ ಜರ್ಮನ್ ಪರೀಕ್ಷೆ ಪಾಸಾಗಿರಬೇಕಿಲ್ಲ. ಬಂದ ಮೇಲೆ ಕೆಲಸ ಮಾಡೋಕೂ ಅಡ್ಡಿಯಿಲ್ಲ. ಒಳ್ಳೆಯ ರಿಯಾಯಿತಿಯೇ. ಆದರೆ ಬ್ಯಾಂಕಲ್ಲಿ ಆಫೀಸರ್ ಆಗಿದ್ದವರು, ಲೆಕ್ಚರರ್ ಆಗಿದ್ದವರು ಒಂದಕ್ಷರ ಗೊತ್ತಿಲ್ಲದೆ ಬಂದು ನಾಲ್ಕು ಗೋಡೆಯೊಳಗೆ ಕೂರುತ್ತಾರೆ. ಗಂಡನಿಗೆ ಆಫೀಸಲ್ಲಿ ಇಂಗ್ಲಿಷ್ ಸಿಗುತ್ತೆ. ಇವರಿಗೆ ಬೇಕರಿ, ಕ್ಲಿನಿಕ್, ಮಗುವಿನ ಶಾಲೆ, ಎಲ್ಲವೂ ಜರ್ಮನ್. ಎಲ್ಲದಕ್ಕೂ ಗಂಡ ಬರುವವರೆಗೆ ಕಾಯಬೇಕು. ಮದುವೆ ಮಾಡಿ ಮಗಳನ್ನು ಕಳಿಸುವ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ, ವೀಸಾ ಬರೋವರೆಗಿನ ತಿಂಗಳುಗಳಲ್ಲಿ ಅವಳನ್ನು ಜರ್ಮನ್ ಕ್ಲಾಸಿಗೆ ಸೇರಿಸಿ. ಒಡವೆಗಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತೆ.

ನಮ್ಮಪ್ಪ ಕನ್ನಡ ಮೇಷ್ಟ್ರು. ಮನೆಯ ಕಪಾಟಿನಲ್ಲಿ ಕಿಟೆಲ್ ನಿಘಂಟು ಇತ್ತು, ನಾನು ಚಿಕ್ಕವಳಿದ್ದಾಗ ಎತ್ತೋಕೂ ಆಗದಷ್ಟು ದಪ್ಪ. ಆ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ನಮ್ಮನೆಯಿಂದ ರೈಲಲ್ಲಿ ಸುಮಾರು ಒಂದು ಗಂಟೆ. ನಾವು ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುತ್ತೀವಲ್ಲ, 1843ರಲ್ಲಿ ಆ ದಿನ ಮಂಗಳೂರು ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ವುರ್ಟೆಂಬರ್ಗ್ ಸೀಮೆಯವರು. ಅವರು ಬಂದದ್ದು ಮತಪ್ರಚಾರಕ್ಕೆ, ಅದು ಬೇರೆ ಮಾತು. ಆದರೆ ಆ್ಯಪ್ ಇಲ್ಲದ, ಕ್ಲಾಸ್ ಇಲ್ಲದ ಕಾಲದಲ್ಲಿ ಹಡಗಿಳಿದು ಬಂದು ಕನ್ನಡ ಕಲಿತರು. ಕಿಟೆಲ್ 1894ರಲ್ಲಿ ನಿಘಂಟು ಅಚ್ಚು ಹಾಕಿಸುವಷ್ಟು ಕಲಿತರು. ಅವರ ಊರಿಗೆ ಬಂದು ಒಂಬತ್ತು ವರ್ಷ ಇದ್ದು, ಒಂದು ಪಾರ್ಸೆಲ್ ಇಸ್ಕೊಳ್ಳೋಕೆ ನಮಗೆ ಬಾರದೇ ಹೋದರೆ ಹೇಗೆ?

2024ರಲ್ಲಿ ಬಿ1, ಅಂದರೆ ಜರ್ಮನ್‌ನ ಮಧ್ಯಮ ಹಂತದ ಪರೀಕ್ಷೆ ಮುಗಿಸಿದೆ. ಬ್ಲೂ ಕಾರ್ಡ್‌ನವರಿಗೆ ಮೊದಲ ಹಂತದ ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಖಾಯಂ ವಾಸದ ಅನುಮತಿ ಕೇಳಬಹುದು ಈಗ. ಎಷ್ಟೋ ಜನ ಅದಕ್ಕೋಸ್ಕರ ಪರೀಕ್ಷೆ ಕಟ್ಟಿ, ಸರ್ಟಿಫಿಕೇಟ್ ಸಿಕ್ಕ ಮಾರನೇ ದಿನ ಪುಸ್ತಕ ಮುಚ್ಚುತ್ತಾರೆ. ಹಾಗೆ ಮಾಡಬೇಡಿ.

ಈ ಚಳಿಗಾಲದಲ್ಲಿ ಅಜ್ಜಿ ಮಂಡಿ ನೋವಿಂದ ಮೆಟ್ಟಿಲಿಳಿಯೋಕೆ ಆಗುತ್ತಿರಲಿಲ್ಲ. ಅವರ ಪಾಳಿಯನ್ನೂ ನಾನೇ ಮಾಡಿದೆ. ಹಿಮ ಬಿದ್ದ ದಿನ ಬೆಳಿಗ್ಗೆ ಬೇಗ ಎದ್ದು ಕಾಲುದಾರಿ ಬಿಡಿಸಿ ಉಪ್ಪು ಹಾಕಿದೆ. ಮೊನ್ನೆ ನಿಧಾನಕ್ಕೆ ಮೇಲೆ ಹತ್ತಿ ಬಂದರು, ತಟ್ಟೆಯಲ್ಲಿ ಆ್ಯಪಲ್ ಕೇಕ್. ಆ ಮೊದಲನೇ ವಾರದ ವಿಷಯ ನಾನೇ ತೆಗೆದೆ. ಅವತ್ತು ನಿಮ್ಮ ಮಾತು ಒಂದೂ ತಿಳಿದಿರಲಿಲ್ಲ, ಸುಮ್ನೆ ಹೂಂ ಅಂದುಬಿಟ್ಟೆ, ಕ್ಷಮಿಸಿ ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, ಇನ್ನು ನಾವು "ಡೂ" ಅಂದುಕೊಳ್ಳೋಣವಾ ಅಂತ ಕೇಳಿದರು. ನಮ್ಮ ನೀವು, ನೀನು ಇದ್ದ ಹಾಗೇ ಇಲ್ಲೂ ಇದೆ, "ಝೀ" ಮತ್ತು "ಡೂ". ಹಿರಿಯರು ಕೇಳದೆ ಕಿರಿಯರು "ಡೂ" ಅನ್ನುವ ಹಾಗಿಲ್ಲ. ಕೆಲವರು ಒಂದೇ ಕಟ್ಟಡದಲ್ಲಿ ಮೂವತ್ತು ವರ್ಷ ಇದ್ದೂ "ಝೀ"ಯಲ್ಲೇ ಉಳಿಯುತ್ತಾರೆ.

ಹೂಂ ಅಂದೆ, ಈ ಸಲ ಅರ್ಥವಾಗಿಯೇ ಅಂದೆ. ಆದರೆ ಅವರ ವಯಸ್ಸು ನೋಡಿ ಬಾಯಿ ತಿರುಗಲಿಲ್ಲ, ಮತ್ತೆ ಮತ್ತೆ "ಝೀ" ಅಂತಲೇ ಬರುತ್ತಿತ್ತು, ಅವರು ಪ್ರತಿ ಸಲ ಬೆರಳು ಆಡಿಸುತ್ತಿದ್ದರು. ರಾತ್ರಿ ಅಪ್ಪನಿಗೆ ಫೋನಲ್ಲಿ ಹೇಳಿದೆ, ಅಷ್ಟು ದೊಡ್ಡವರಿಗೆ ಹೇಗಪ್ಪ ಏಕವಚನ ಹಾಕೋದು ಅಂತ.

"ಅಜ್ಜಿಗೆ ಯಾರಾದರೂ ಬಹುವಚನ ಹಾಕ್ತಾರೇನಮ್ಮ?" ಅಂದರು ಅಪ್ಪ.