ಅಡುಗೆಮನೆಯಲ್ಲಿ ಮೊದಲು ಬಿದ್ದ ವಿಕೆಟ್ಟು

ನಮ್ಮ ಮನೆಯಲ್ಲಿ ಒಂದು ವಿಕೆಟ್ಟು ಮೂರು ಸಲ ಬೀಳುತ್ತದೆ. ಮೊದಲು ಅಡುಗೆಮನೆಯಲ್ಲಿ, ಆಮೇಲೆ ನಡುಮನೆಯಲ್ಲಿ, ಸುದ್ದಿ ಪೂರ್ತಿ ಹಳಸಿದ ಮೇಲೆ ಅಟ್ಟದಲ್ಲಿ.

ಮನೆ ಇರುವುದು ಸಕಲೇಶಪುರ ದಾಟಿ ಹೆತ್ತೂರಿನ ಕಡೆಗೆ. ನಾನಿರುವುದು ಹಾಸನದಲ್ಲಿ, ಎರಡು ವಾರಕ್ಕೊಮ್ಮೆ ಅವ್ವನನ್ನು ನೋಡುವ ನೆಪ ಮಾಡಿಕೊಂಡು ಅಕ್ಕಿರೊಟ್ಟಿ ತಿನ್ನಲು ಹೋಗುತ್ತೇನೆ. ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಜಾಡಿಯ ಪಕ್ಕ, ಅತ್ತೆಯ ರೇಡಿಯೊ ಇದೆ. ಅದರ ಹಿಂದಿನ ಮುಚ್ಚಳ ಕಳೆದುಹೋಗಿ ಎಷ್ಟು ವರ್ಷವಾಯಿತೋ, ಸೆಲ್ಲುಗಳನ್ನು ಸೈಕಲ್ ಟ್ಯೂಬಿನ ಒಂದು ತುಂಡು ಅವುಚಿ ಹಿಡಿದುಕೊಂಡಿದೆ. ನಡುಮನೆಯಲ್ಲಿ ಟಿ.ವಿ., ಅದಕ್ಕೆ ದೂರದರ್ಶನದ ಫ್ರೀ ಡಿಶ್. ಅಟ್ಟದ ಕಿಟಕಿಯಲ್ಲಿ ಅಣ್ಣನ ಮಗ ಮೊಬೈಲ್ ಹಿಡಿದು ಅರ್ಧ ಮೈ ಹೊರಗೆ ಚಾಚಿಕೊಂಡು ಕೂತಿರುತ್ತಾನೆ. ಅವನ ಸಿಮ್ಮಿಗೆ ಇಡೀ ಮನೆಯಲ್ಲಿ ಆ ಒಂದು ಕಿಟಕಿಯಲ್ಲಿ ಮಾತ್ರ ಎರಡು ಕಡ್ಡಿ ಟವರ್ ಬರುತ್ತದೆ.

ಭಾರತ ಆಡುತ್ತಿದೆ ಅಂದುಕೊಳ್ಳಿ. ಅತ್ತೆಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು. ಕಾಮೆಂಟರಿ ಹೇಳುವವನ ಗಂಟಲು ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ. ದನಿ ಏರಿ ಏರಿ ಎಳೆದರೆ ಬೌಂಡರಿ, ಏರಿ ತಟಕ್ಕನೆ ಒಡೆದರೆ ವಿಕೆಟ್ಟು. ಯಾರ ವಿಕೆಟ್ಟು ಅನ್ನುವುದಕ್ಕೂ ಅವಳದೇ ಲೆಕ್ಕವಿದೆ: ಹಿಂದಿನಿಂದ ಜನ ಹುಯ್ಯೆಂದರೆ ಅವರದು, ಕ್ರೀಡಾಂಗಣಕ್ಕೆ ಸೂತಕ ಕವಿದ ಹಾಗಾದರೆ ನಮ್ಮದು. ಒಗ್ಗರಣೆಗೆ ಸಾಸಿವೆ ಹಾಕುತ್ತಲೇ “ಹೋಯ್ತು ಕಣ್ರೋ!” ಎಂದು ಕೂಗುತ್ತಾಳೆ. ನಡುಮನೆಯಲ್ಲಿ ನಾವು ನೋಡಿದರೆ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದಾನೆ. ಪಾಪ, ಬ್ಯಾಟ್ ಹಿಡಿದವನು ಗ್ಲೌಸು ಸರಿಮಾಡಿಕೊಂಡು, ಕ್ರೀಸಿನ ಮಣ್ಣು ಕುಟ್ಟಿ, ತನ್ನ ಹಣೆಬರಹ ನಮ್ಮ ಅಡುಗೆಮನೆಗೆ ಆಗಲೇ ಗೊತ್ತಾಗಿದೆ ಅನ್ನುವ ಅರಿವಿಲ್ಲದೆ ತಲೆ ಎತ್ತುತ್ತಾನೆ. ನಾವು ಅವನನ್ನು ಗಲ್ಲಿಗೇರುವವನನ್ನು ನೋಡುವ ಹಾಗೆ ನೋಡುತ್ತೇವೆ.

“ಅತ್ತೇ, ನೀನೊಂಚೂರು ಸುಮ್ನಿರಬಾರ್ದಾ?” ಅಣ್ಣ ಗೋಗರೆಯುತ್ತಾನೆ.

“ನಾನೇನ್ಲಾ ಮಾಡ್ಲಿ, ನಿಮ್ ಟೀವಿನೇ ಸೋಮಾರಿ.”

ಅಷ್ಟರಲ್ಲಿ ನಮ್ಮ ಪಾಲಿನ ವಿಕೆಟ್ಟೂ ಬಿದ್ದು, ನಾವೂ ತಲೆ ಚಚ್ಚಿಕೊಂಡು, ಜಾಹೀರಾತು ಶುರುವಾದಾಗ ಅಟ್ಟದಿಂದ ಹುಡುಗ ಕೂಗುತ್ತಾನೆ: “ಯಾರೂ ಹೇಳ್ಬೇಡಿ! ಯಾರೂ ಏನೂ ಹೇಳ್ಬೇಡಿ!” ಅವನ ಬ್ಯಾಟ್ಸ್‌ಮನ್ ಇನ್ನೂ ಅರ್ಧ ನಿಮಿಷ ಬದುಕಿರುತ್ತಾನೆ.

ಟಿ.ವಿ. ಸೋಮಾರಿ ಅಂದ ಅತ್ತೆಯ ಮಾತು ತಲೆಯಲ್ಲಿ ಕೊರೆದು ನಾನು ಕೂತು ಲೆಕ್ಕ ಹಾಕಿದ್ದೇನೆ. ದೆಹಲಿಯಿಂದ ಹೊರಟ ಚಿತ್ರ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹತ್ತಿ, ಅಲ್ಲಿಂದ ಮತ್ತೆ ಅಷ್ಟೇ ದೂರ ಇಳಿದು ನಮ್ಮ ಹೆಂಚಿನ ಮೇಲಿನ ತಟ್ಟೆಗೆ ಬೀಳಬೇಕು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ತರಂಗಕ್ಕೂ ಅಷ್ಟು ಹತ್ತಿ ಇಳಿಯಲು ಕಾಲು ಸೆಕೆಂಡು ಬೇಕು. ಹಾಗಂತ ಆ ಕಾಲು ಸೆಕೆಂಡಿನ ಮೇಲೆ ಎಲ್ಲ ತಪ್ಪು ಹೊರಿಸುವುದು ಅನ್ಯಾಯ. ಹೆಚ್ಚು ತಡವಾಗುವುದು ಚಿತ್ರವನ್ನು ಹಿಂಡಿ ಕುಗ್ಗಿಸಿ ಕಟ್ಟುವುದಕ್ಕೆ, ಇಲ್ಲಿ ಪೆಟ್ಟಿಗೆಯೊಳಗೆ ಅದನ್ನು ಬಿಚ್ಚಿ ಹರಡುವುದಕ್ಕೆ. ಮೊಬೈಲಿನದು ಇನ್ನೂ ದೊಡ್ಡ ಸಂಸಾರ. ಆಟವನ್ನು ಕೆಲಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ದಾರಿಯಲ್ಲಿ ಟವರ್ ಕೈಕೊಟ್ಟರೆ ಇರಲಿ ಎಂದು ಮೊಬೈಲು ನಾಲ್ಕಾರು ತುಂಡುಗಳನ್ನು ಬುತ್ತಿ ಕಟ್ಟಿಕೊಂಡ ಮೇಲೆಯೇ ತೋರಿಸಲು ಶುರುಮಾಡುತ್ತದೆ. ರೇಡಿಯೊಗೂ ಕ್ರೀಡಾಂಗಣದಿಂದ ನಿಲ್ದಾಣದವರೆಗೆ ಅಷ್ಟಿಷ್ಟು ತಡ ಇದ್ದೇ ಇದೆ, ಆದರೆ ಚಿತ್ರ ಹೊರುವ ಕರ್ಮವಿಲ್ಲ. ಬರಿಗೈಲಿ ನಡೆಯುವವನು ಮೂಟೆ ಹೊತ್ತವನಿಗಿಂತ ಮೊದಲು ಮನೆ ಸೇರುತ್ತಾನೆ.

ಇದರಲ್ಲಿ ನನಗೆ ತಮಾಷೆ ಅನ್ನಿಸುವುದು ಆ ಉಪಗ್ರಹ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದವರೆಲ್ಲ ಎಂಸಿಎಫ್‌ನ, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರದ, ಬೇಲಿಯಾಚೆ ಬಾನಿಗೆ ಬಾಯಿ ತೆರೆದುಕೊಂಡ ಆ ದೊಡ್ಡ ಬಿಳಿ ತಟ್ಟೆಗಳನ್ನು ನೋಡಿರುತ್ತಾರೆ. ಇಸ್ರೋದವರು 1982ರಲ್ಲಿ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲೆಂದು ಶುರುಮಾಡಿದ ಕೇಂದ್ರ ಅದು. ಫ್ರೀ ಡಿಶ್‌ಗೆ ಚಿತ್ರ ಇಳಿಸುವ ಜಿಸ್ಯಾಟ್-15 ಹಾರಿದ್ದು 2015ರ ನವೆಂಬರಿನಲ್ಲಿ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ. ಹಾರಿ ರಾಕೆಟ್ಟಿನಿಂದ ಬೇರೆಯಾದ ಕೂಡಲೇ ಅದರ ಮೂಗುದಾರ ಹಾಸನದವರ ಕೈಗೆ ಬಂತು. ಮೇಲೆ ಕಳಿಸಿ ಕೈತೊಳೆದುಕೊಂಡರೆ ಆಗದು. ಸೂರ್ಯಚಂದ್ರರು ಎಳೆದಾಡಿ ಅದು ಇದ್ದಲ್ಲಿ ಇರದೆ ಮೆಲ್ಲಗೆ ಜಾರುತ್ತಿರುತ್ತದೆ. ಆಗಾಗ ಅದರ ಪುಟ್ಟ ಎಂಜಿನುಗಳನ್ನು ಉರಿಸಿ, ಪಕ್ಕದ ಹೊಲಕ್ಕೆ ನುಗ್ಗುವ ಎತ್ತನ್ನು ತಿರುಗಿಸಿದ ಹಾಗೆ, ವಾಪಸ್ ಎಳೆದು ನಿಲ್ಲಿಸಬೇಕು. ಹಾಸನದಲ್ಲಿ ಕೂತು ಇಷ್ಟೆಲ್ಲ ಮಾಡುತ್ತಾರೆ. ಅದೇ ಜಿಲ್ಲೆಯ ನಮ್ಮ ಮನೆಯಲ್ಲಿ ಆರಿದ್ರ ಮಳೆ ಹಿಡಿದರೆ ಪರದೆ ನೀಲಿಯಾಗಿ ‘ಸಿಗ್ನಲ್ ಇಲ್ಲ’ ಅನ್ನುತ್ತದೆ. ಆ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಜೋರು ಮಳೆಯ ಹನಿಗಳು ಅದನ್ನು ಹೀರಿ ಚೆದುರಿಸಿಬಿಡುತ್ತವೆ. ಅಷ್ಟು ಸಾವಿರ ಕಿಲೋಮೀಟರನ್ನು ಆರಾಮಾಗಿ ದಾಟಿ ಬಂದದ್ದು ಕೊನೆಯ ಐದಾರು ಕಿಲೋಮೀಟರಿನ ಮಲೆನಾಡ ಮಳೆಯಲ್ಲಿ ನೆನೆದು ಸತ್ತುಹೋಗುತ್ತದೆ.

ಮಳೆ ಇಲ್ಲದಾಗ ಸಿಲ್ವರ್ ಮರ ಇದೆ. ನಮ್ಮ ಡಿಶ್ಶು ಮುಖ ಮಾಡಿರುವುದು ಆಗ್ನೇಯಕ್ಕೆ. ಆಗ್ನೇಯಕ್ಕೆ ಸರಿಯಾಗಿ ಅಪ್ಪ ನೆಟ್ಟ ಸಿಲ್ವರ್ ಮರ ಹೋದ ವರ್ಷಕ್ಕಿಂತ ಈ ವರ್ಷ ಎರಡು ಮೊಳ ಎತ್ತರವಾಗಿರುತ್ತದೆ. ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವ ಕೆಲಸ, ಮಾಡಿಸುವಾಗ ಅಣ್ಣ ಮೊದಲು ಹತ್ತಿಸುವುದು ಆ ಮರಕ್ಕೆ. ಕಾಫಿಗೆ ಎಷ್ಟು ಬಿಸಿಲು ಬೇಕು ಅನ್ನುವುದರ ಬಗ್ಗೆ ಊರಿನಲ್ಲಿ ನೂರು ಅಭಿಪ್ರಾಯಗಳಿವೆ. ಡಿಶ್ಶಿಗೆ ಎಷ್ಟು ಬೇಕು ಅನ್ನುವುದರಲ್ಲಿ ಒಂದೇ.

ಕ್ರಿಕೆಟ್ಟಿನಲ್ಲಾದರೆ ಈ ತಡವನ್ನು ನಕ್ಕು ಸುಮ್ಮನಾಗಬಹುದು. ಹಾಡಿನಲ್ಲಿ ಆಗುವುದಿಲ್ಲ. ಅದು ಗೊತ್ತಾದದ್ದು 2020ರ ಲಾಕ್‌ಡೌನಿನಲ್ಲಿ. ಅವ್ವ ಹಾಸನಕ್ಕೆ ಬಂದವಳು ನಮ್ಮಲ್ಲೇ ಸಿಕ್ಕಿಕೊಂಡಳು. ಅವಳ ಭಜನೆ ಗುಂಪಿನಲ್ಲಿ ಒಬ್ಬರು ಚಿಕ್ಕಮಗಳೂರಿನ ಮಗಳ ಮನೆಯಲ್ಲಿ, ಒಬ್ಬರು ಬೆಂಗಳೂರಿನ ಮಗನ ಮನೆಯಲ್ಲಿ, ಇಬ್ಬರು ಸಕಲೇಶಪುರದಲ್ಲಿ. ಶನಿವಾರದ ಭಜನೆ ತಪ್ಪಬಾರದೆಂದು ನನ್ನ ಮಗಳು ಐದು ಮನೆಗಳನ್ನೂ ವಿಡಿಯೊ ಕಾಲಿನಲ್ಲಿ ಕೂಡಿಸಿದಳು. ಪರದೆಯ ಮೇಲೆ ಐದು ಚೌಕ. ಎರಡರಲ್ಲಿ ಮುಖ, ಒಂದರಲ್ಲಿ ಹಣೆ ಮಾತ್ರ, ಒಂದರಲ್ಲಿ ಫ್ಯಾನು, ಐದನೆಯದರಲ್ಲಿ ಅವ್ವ ತಾಳ ಹಿಡಿದು.

ದಾಸರ ಪದ ಶುರುವಾಯಿತು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಬರುವಾಗ ಅವ್ವನಿಗೆ ಉಳಿದವರು ಅರ್ಧ ಮಾತು ಹಿಂದಿದ್ದಾರೆ ಅನ್ನಿಸಿ ಚೂರು ನಿಧಾನ ಮಾಡಿದಳು. ಅವಳು ನಿಧಾನವಾದದ್ದು ಕೇಳಿ ಚಿಕ್ಕಮಗಳೂರಿನವರು ನಿಧಾನ ಮಾಡಿದರು. ಅದು ಬೆಂಗಳೂರಿಗೆ ಕೇಳಿಸಿ ಅವರು ಇನ್ನಷ್ಟು. “ಎಳೀಬೇಡ್ರೇ!” ಎಂದು ಐದೂ ಜನ ಐದೂ ಜನಕ್ಕೆ ಹೇಳಿದರು, ಅದೂ ಒಬ್ಬರಾದ ಮೇಲೊಬ್ಬರು. ನಾಲ್ಕನೆಯ ಸಾಲಿಗೆ ಪದ ಏದುಸಿರು ಬಿಡುತ್ತಾ, ಘಾಟಿ ಹತ್ತಲಾರದ ಲಾರಿಯ ಹಾಗೆ, ನಿಂತೇಹೋಯಿತು. ಯಾರೂ ಎಳೆದಿರಲಿಲ್ಲ. ಎಲ್ಲರೂ ತಂತಮ್ಮ ಮನೆಯಲ್ಲಿ ಸರಿಯಾಗಿಯೇ ಹಾಡಿದ್ದರು. ಪ್ರತಿಯೊಬ್ಬರಿಗೂ ಉಳಿದ ನಾಲ್ವರು ಒಂದಿಷ್ಟು ಹಿಂದಿನವರು, ಅಷ್ಟೆ.

ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ತಡವಾದರೆ ತಾಳ ಕೂಡಿಸುವುದು ಕಷ್ಟವಾಗುತ್ತಾ ಹೋಗುತ್ತದಂತೆ, ಸಂಗೀತ ನುಡಿಸುವವರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಸದ್ದು ಗಾಳಿಯಲ್ಲಿ ಅಷ್ಟು ಹೊತ್ತಿಗೆ ಹೋಗುವುದು ಸುಮಾರು 10 ಮೀಟರ್. ಅಂದರೆ ನಮ್ಮೂರ ಬಸವಣ್ಣನ ಗುಡಿಯ ಅಂಗಳದ ಈ ತುದಿಯಿಂದ ಆ ತುದಿಗೆ. ಭಜನೆಯವರು ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಕೂರುವುದು ಚಳಿಗೆ ಅಂದುಕೊಂಡಿದ್ದೆ. ಜಾತ್ರೆಯ ಮೆರವಣಿಗೆಯಲ್ಲಿ ಮುಂದಿನ ಡೊಳ್ಳಿಗೂ ಬಾಲದ ಡೊಳ್ಳಿಗೂ ಹೊಂದದೆ ಇರುವುದಕ್ಕೆ ಬಾಲದವರು ಕುಡಿದಿದ್ದೇ ಕಾರಣ ಅಂತಲೂ ನಂಬಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಮುಂದಿನ ಶನಿವಾರ ಹೊಸ ಏರ್ಪಾಡಾಯಿತು. ಒಬ್ಬರು ಹಾಡುವುದು, ಉಳಿದವರು ಮೈಕ್ ಮುಚ್ಚಿಕೊಂಡು ಜೊತೆಗೆ ಹಾಡಿಕೊಳ್ಳುವುದು. ಅವ್ವ ಅದಕ್ಕೆ ಒಪ್ಪಿದಳಾದರೂ ಮುಗಿದ ಮೇಲೆ “ಒಬ್ಳೇ ಬಾವೀಲಿ ಹಾಡ್ದಂಗಾಯ್ತು” ಅಂದಳು.

ಹಾಗೆ ನೋಡಿದರೆ ಈ ತಡ ನನಗೆ ಹೊಸತಲ್ಲ. ಚಿಕ್ಕವನಿದ್ದಾಗ ಕಣಿವೆಯಾಚೆಯ ಗುಡ್ಡದಲ್ಲಿ ಒಬ್ಬ ಸೌದೆ ಒಡೆಯುತ್ತಿದ್ದ. ಕೊಡಲಿ ಬೀಳುವಾಗ ಸದ್ದೇ ಇಲ್ಲ. ಮತ್ತೆ ಅವನು ಕೊಡಲಿಯನ್ನು ತಲೆಯ ಮೇಲೆತ್ತಿದಾಗ ‘ಠಣ್’ ಅನ್ನುತ್ತಿತ್ತು. ಕೊಡಲಿ ಎತ್ತಿದಾಗ ಸದ್ದು ಮಾಡುವ ವಸ್ತು ಅಂತ ನಾನು ಎಷ್ಟೋ ದಿನ ತಿಳಿದಿದ್ದೆ. ಅಪ್ಪನ ಕೊಡಲಿ ಬಿದ್ದಾಗಲೇ ಸದ್ದು ಮಾಡುತ್ತಿದ್ದುದು ಅದು ಹಳೆಯದಾಗಿರುವುದರಿಂದ ಇರಬೇಕು.

ಎಲ್ಲಕ್ಕಿಂತ ತಡವಾಗಿ ಬಂದದ್ದು ಅಂದರೆ ಅಜ್ಜಿಯ ಬೈಗುಳ. ಚಿಕ್ಕಪ್ಪ ಬೆಂಗಳೂರಿನಿಂದ ಯಾಶಿಕಾ ಎಂಎಫ್-2 ಕ್ಯಾಮೆರಾ ತಂದಿದ್ದ ಕಾಲ. ರೋಲಿಗೆ 36 ಫೋಟೊ, ಹುಷಾರಾಗಿ ಸುತ್ತಿದರೆ ಇನ್ನೊಂದು ಲಾಭ. ಒಂದೊಂದನ್ನೂ ನೂರು ಸಲ ಯೋಚಿಸಿ ಹೊಡೆಯಬೇಕು. ಆ ಯುಗಾದಿಯ ದಿನ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚಿಕ್ಕಪ್ಪ ಹಿಂದೆ ಮುಂದೆ ಓಡಾಡುತ್ತಾ ಬೆಳಕು ನೋಡುತ್ತಿದ್ದ. ಅಜ್ಜಿಗೆ ತಾಳ್ಮೆ ಮುಗಿದು, “ಆ ಡಬ್ಬಿ ಅತ್ಲಾಗಿಟ್ಟು ದನ ಹೊಡ್ಕಂಡ್ ಬಾರ್ಲಾ, ಹೊತ್ತು ಮುಳುಗ್ತು” ಅಂದಳು. ಚಿಕ್ಕಪ್ಪ ಒತ್ತಿದ್ದು ಸರಿಯಾಗಿ ಅದೇ ಹೊತ್ತಿಗೆ.

ಶ್ರಾವಣದಲ್ಲಿ ಅಜ್ಜಿ ಹೋದಳು. ರೋಲಿನಲ್ಲಿ ಇನ್ನೂ ಹನ್ನೊಂದು ಉಳಿದಿದ್ದವು. ಅರ್ಧಕ್ಕೆ ತೆಗೆದು ತೊಳೆಸಲು ಚಿಕ್ಕಪ್ಪನಿಗೆ ಮನಸ್ಸಿಲ್ಲ, ಮುಗಿಸಲು ಉಳಿದವರಿಗೆ ಮನಸ್ಸಿಲ್ಲ. ಕೊನೆಗೆ ದೀಪಾವಳಿಗೆ ದನಗಳ ಕೊಂಬಿಗೆ ಬಣ್ಣ ಬಳಿದು ಅವುಗಳದೇ ಹನ್ನೊಂದು ಫೋಟೊ ಹೊಡೆದು, ರೋಲನ್ನು ಹಾಸನದ ಸ್ಟುಡಿಯೊಗೆ ಕೊಟ್ಟು ಬಂದ. ವಾರ ಬಿಟ್ಟು ಬಂದ ಲಕೋಟೆಯಲ್ಲಿ ಅಜ್ಜಿ ಮೇಲೆಯೇ ಇದ್ದಳು, ಬಾಯಿ ಅರ್ಧ ತೆರೆದು, ಬಲಗೈ ಕೊಟ್ಟಿಗೆಯ ಕಡೆ ತೋರಿಸುತ್ತಾ. ಅವಳದು ಬೇರೆ ಫೋಟೊ ಇರಲಿಲ್ಲ. ಗುಂಪಿನಿಂದ ಅವಳೊಬ್ಬಳನ್ನೇ ಕತ್ತರಿಸಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದ್ದೇವೆ. ಬೇರೆಯವರ ಮನೆಗಳಲ್ಲಿ ಹಿರಿಯರು ಹಾರದ ಹಿಂದಿನಿಂದ ಹರಸುತ್ತಾರೆ. ನಮ್ಮವಳು ಯುಗಾದಿಯಲ್ಲಿ ಶುರುಮಾಡಿದ ಬೈಗುಳವನ್ನು ಇನ್ನೂ ಮುಗಿಸಿಲ್ಲ. ಟಿ.ವಿ. ಇರುವುದು ಸರಿಯಾಗಿ ಅದರ ಕೆಳಗೆ. ಕ್ರಿಕೆಟ್ ನೋಡುತ್ತಾ ಕೂತವರಿಗೆಲ್ಲ ದನ ಹೊಡೆದುಕೊಂಡು ಬರುವ ಕೆಲಸವೊಂದು ಬಾಕಿ ಉಳಿದ ಹಾಗೆ ಅನ್ನಿಸುತ್ತಿರುತ್ತದೆ. ಕೊಟ್ಟಿಗೆಯಲ್ಲಿ ಈಗ ಅಣ್ಣನ ಬೈಕು, ಗೊಬ್ಬರದ ಚೀಲ.

ಈಗಿನ ಮೊಬೈಲಿನಲ್ಲಿ ಅಂಥದ್ದೊಂದು ಫೋಟೊ ಉಳಿಯುತ್ತಿರಲಿಲ್ಲ. ಅಲ್ಲೇ ನೋಡಿ “ಅಜ್ಜಿ, ಬಾಯಿ ಮುಚ್ಚು, ಇನ್ನೊಂದ್ಸಲ” ಅಂದಿರುತ್ತಿದ್ದೆವು.

ಅವ್ವನ ಮೊಬೈಲಿನ ವಿಷಯ ಹೇಳದಿದ್ದರೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ. ಅವಳ ಸಿಮ್ಮು ಇನ್ನೊಂದು ಕಂಪನಿಯದು, ಅದಕ್ಕೆ ಅಟ್ಟದ ಕಿಟಕಿಯಲ್ಲೂ ಟವರ್ ಇಲ್ಲ. ಮನೆಯ ಹಿಂದೆ, ಕಣದ ಮೇಲ್ಗಡೆ ಒಂದು ಬಂಡೆಯಿದೆ. ಅದರ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಂತರೆ ಮಾತ್ರ ಸಿಗುತ್ತದೆ. ಮೊದಲು ಅದಕ್ಕೆ ಹೆಸರಿರಲಿಲ್ಲ, ಈಗ ಆಳುಗಳೂ ಟವರ್ ಕಲ್ಲು ಅನ್ನುತ್ತಾರೆ. ದಿನಾ ಬೆಳಿಗ್ಗೆ ಹತ್ತರ ಕಾಫಿ ಮುಗಿಸಿ, ಮಳೆಗಾಲವಾದರೆ ಕೊಡೆ ಹಿಡಿದು, ಅವ್ವ ಬಂಡೆ ಹತ್ತುತ್ತಾಳೆ. ಹತ್ತಿದ ಕೂಡಲೇ ಸೆರಗಿನೊಳಗಿನ ಮೊಬೈಲು ಟಿಣ್ ಟಿಣ್ ಟಿಣ್ ಎಂದು ಹಿಂದಿನ ದಿನವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಹತ್ತು ಜನರ ಶುಭರಾತ್ರಿ ಬಿಸಿಲಿನಲ್ಲಿ ಬಂದು ಬೀಳುತ್ತವೆ.

ನಾನು ರಾತ್ರಿ ಎಂಟೂವರೆಗೆ ಹಾಸನದಿಂದ “ಊಟ ಆಯ್ತಾ ಅವ್ವ?” ಎಂದು ಕಳಿಸುತ್ತೇನೆ. ಮರುದಿನ ಹತ್ತೂಕಾಲಿಗೆ, ನಾನು ಕಚೇರಿಯಲ್ಲಿ ಕೂತಿರುವಾಗ, ಹಿಂದೆ ಗಾಳಿಯ ಸದ್ದಿರುವ ಅವಳ ದನಿ ಬರುತ್ತದೆ: “ಆಯ್ತು ಕಣೋ. ನಿಂದು?”

ನನ್ನದೂ ಆಗಿರುತ್ತದೆ. ಆಯ್ತವ್ವ ಎಂದು ಕಳಿಸುತ್ತೇನೆ. ಅಷ್ಟು ಹೊತ್ತಿಗೆ ಅವಳು ಬಂಡೆ ಇಳಿದಿರುತ್ತಾಳೆ.